ತಾತ ಹಾರಿಸಿದ ಆನೆ

ವಿಮಾನಯಾನವನ್ನು ಕುರಿತು ಬರೆಯುವ ಅಧಿಕಾರ ನನಗಿಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಅರಸೀಕೆರೆಯಲ್ಲಿ ಹಳಗನ್ನಡದ ಪಾಠ ಹೇಳಿಕೊಂಡಿರುವವನು. ನನ್ನ ಸಂಚಾರವೆಲ್ಲ ರೈಲಿನಲ್ಲಿ ಬೆಂಗಳೂರಿಗೆ, ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಹಳೇಬೀಡು ಬೇಲೂರುಗಳಿಗೆ. ಹೀಗಿದ್ದೂ 2018ರ ಸೆಪ್ಟೆಂಬರ್ ತಿಂಗಳ ಒಂದು ಬೆಳಗ್ಗೆ, ಎರಡನೆಯ ಮಹಾಯುದ್ಧಕ್ಕೆಂದು ಕಟ್ಟಿದ ಬಾಂಬರ್ ವಿಮಾನವೊಂದರ ಹೊಟ್ಟೆಯೊಳಗೆ ಕುಳಿತು ಅರ್ಧ ಗಂಟೆಯ ಕಾಲ ಆಕಾಶದಲ್ಲಿದ್ದೆ. ಸಾಹಸದ ಹುಚ್ಚು ನನಗಿಲ್ಲ. ನಮ್ಮ ತಾತನಿಗೆ ನಾನು ಮಾಡಿದ್ದ ಒಂದು ಅನ್ಯಾಯ ನನ್ನನ್ನು ಅಲ್ಲಿಗೆ ಹತ್ತಿಸಿತು.

ತಾತ, ಎಂದರೆ ನಮ್ಮ ತಂದೆಯ ತಂದೆ, ಅರಸೀಕೆರೆಯ ಸಮೀಪದ ಹಳ್ಳಿಯವರು. ಮನೆಗಿದ್ದುದು ಎರಡೆಕರೆ ರಾಗಿಯ ಹೊಲ, ನಾಲ್ಕಾರು ತೆಂಗಿನ ಮರ; ಅದರಲ್ಲಿ ಪಾಲಿಗೆ ಐವರು ಅಣ್ಣತಮ್ಮಂದಿರು. ಹೊಟ್ಟೆಯ ಪಾಡಿಗಾಗಿ ಅವರು 1948ರಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿದರು. ಮೂವತ್ತಾರು ವರ್ಷ ದುಡಿದು, 1984ರಲ್ಲಿ ನಿವೃತ್ತರಾಗಿ, ಒಂದು ಟ್ರಂಕು ಮತ್ತು ಒಂದು ಸ್ಪ್ಯಾನರಿನೊಡನೆ ಊರಿಗೆ ಮರಳಿದರು. ವಿಮಾನಗಳ ನಡುವೆಯೇ ಆಯುಷ್ಯ ಕಳೆದ ಅವರು ಜೀವಮಾನದಲ್ಲಿ ಒಂದು ಸಲವೂ ವಿಮಾನದಲ್ಲಿ ಪ್ರಯಾಣ ಮಾಡಲಿಲ್ಲ.

ಈ ಕಾರ್ಖಾನೆಯ ಪೂರ್ವವೃತ್ತಾಂತವನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕು. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಗಳು, ಮೈಸೂರು ಸರ್ಕಾರದ ನೆಲ ಮತ್ತು ಹಣದ ನೆರವಿನಿಂದ, 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಯುದ್ಧ ಬಿಸಿಯೇರಿದಾಗ ಅದು ಅಮೆರಿಕದ ಸೈನ್ಯದ ವಿಮಾನಗಳಿಗೆ ದುರಸ್ತಿಯ ಮನೆಯಾಯಿತು. ಯುದ್ಧ ಮುಗಿದ ಮೇಲೆ ಅಳಿದುಳಿದ ಡಕೋಟ ವಿಮಾನಗಳನ್ನು ಅಲ್ಲಿ ಪ್ರಯಾಣಿಕರ ವಿಮಾನಗಳನ್ನಾಗಿ ಮಾರ್ಪಡಿಸಿದರು. ನಮ್ಮ ಹಿರಿಯರಲ್ಲಿ ಅಂದು ವಿಮಾನ ಹತ್ತಿದ ಭಾಗ್ಯಶಾಲಿಗಳು ಹತ್ತಿದ್ದು ಬಹುಮಟ್ಟಿಗೆ ಇಂಥ ಡಕೋಟಗಳನ್ನೇ. ಸಿಪಾಯಿ ಕುಳಿತಿದ್ದ ಜಾಗದಲ್ಲಿ ಸಾಹುಕಾರ ಕುಳಿತ, ಅಷ್ಟೆ. 1964ರಿಂದ ಈಚೆಗೆ ಆ ಕಾರ್ಖಾನೆಯನ್ನೇ ನಾವು ಹಿಂದೂಸ್ತಾನ್ ಏರೋನಾಟಿಕ್ಸ್ ಎಂದು ಕರೆಯುತ್ತಿದ್ದೇವೆ.

ತಾತ ಸೇರಿದ ಕಾಲಕ್ಕೆ ಅಲ್ಲಿ ಇನ್ನೊಂದು ದೊಡ್ಡ ಕೆಲಸ ಮೊದಲಾಗಿತ್ತು. ಬ್ರಿಟಿಷ್ ವಾಯುಪಡೆಯು ಅಮೆರಿಕದಿಂದ ಪಡೆದಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನಿನ ಬಾಂಬರುಗಳನ್ನು ಯುದ್ಧಾನಂತರ ಕಾನ್ಪುರದ ಬಯಲಿನಲ್ಲಿ ಬಿಟ್ಟು ಹೋಗಿತ್ತು. ಬರಿಯ ಬಿಟ್ಟದ್ದಲ್ಲ, ಬೇರೆ ಯಾರೂ ಹಾರಿಸದಂತೆ ಕೆಡಿಸಿ ಬಿಟ್ಟಿತ್ತು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಭಾರಿ ಬಾಂಬರುಗಳು ಬೇಕಾಗಿದ್ದವು, ಕೊಳ್ಳಲು ಹಣವಿರಲಿಲ್ಲ. ಆಗ ಕಾರ್ಖಾನೆಯ ಜನ ಆ ಹೆಣಗಳ ರಾಶಿಯಲ್ಲಿ ಹುಡುಕಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಒಂದು ಹಾರಾಟಕ್ಕೆ ಸಾಕಾಗುವಷ್ಟು ಜೀವ ತುಂಬಿದರು. ಜಮ್ಷೆಡ್ ಮುನ್ಷಿ ಎಂಬ ಪರೀಕ್ಷಾ ವೈಮಾನಿಕರು ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿಯಾಗಿ ಬಿಚ್ಚಿ, ತೊಳೆದು, ಕಟ್ಟಿ, ಸುಮಾರು 40 ಲಿಬರೇಟರುಗಳನ್ನು ವಾಯುಪಡೆಗೆ ಒಪ್ಪಿಸಿದರು. 1948ರ ನವೆಂಬರಿನಲ್ಲಿ ಇವುಗಳಿಂದ ಐದನೆಯ ಸ್ಕ್ವಾಡ್ರನ್ ಹುಟ್ಟಿಕೊಂಡಿತು. 1968ರ ತನಕ ಇವು ನಮ್ಮ ಆಕಾಶದಲ್ಲಿಯೂ ಸಮುದ್ರದ ಮೇಲೂ ಕಾವಲು ತಿರುಗಿದವು.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ತೀರ ಈಚೆಗೆ. ಬಾಲ್ಯದಲ್ಲಿ ನನಗೆ ಗೊತ್ತಿದ್ದುದು ತಾತ ಹೇಳುತ್ತಿದ್ದ ಆನೆಯ ಕಥೆ ಮಾತ್ರ. ಆ ವಿಮಾನಕ್ಕೆ ಅವರು ಇಟ್ಟುಕೊಂಡಿದ್ದ ಹೆಸರೇ ಆನೆ. “ಆನೆಯ ಕಿವಿಗೆಲ್ಲ ಮರಳು ತುಂಬಿಬಿಟ್ಟಿದ್ದರು ಕಣೋ. ನಾವು ಸೀಮೆಎಣ್ಣೆ ಹಾಕಿ ತೊಳೆದು ತೊಳೆದು ತೆಗೆದೆವು” ಎನ್ನುವರು. “ಬೆಳಗ್ಗೆ ಅದನ್ನ ಎಬ್ಬಿಸೋಕೆ ಮುಂಚೆ ಕೈಯಿಂದಲೇ ರೆಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ರಾತ್ರಿಯೆಲ್ಲ ಎಣ್ಣೆ ಇಳಿದು ಕೆಳಗಿನ ಸಿಲಿಂಡರಿನಲ್ಲಿ ನಿಂತಿರುತ್ತೆ, ಸೀದಾ ಎಬ್ಬಿಸಿದರೆ ಎಂಜಿನು ಮುರೀತದೆ” ಎನ್ನುವರು. ನಾನು ಕೇಳಿ ನಕ್ಕು ಮರೆಯುತ್ತಿದ್ದೆ.

2004ರಲ್ಲಿ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ಎಂ.ಎ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಆ ವರ್ಷದ ಪ್ರವಾಸಕ್ಕೆ ತಾತ ತಾವೂ ಬರುವೆನೆಂದರು, ಕರೆದುಕೊಂಡು ಹೋದೆ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ತಳಭಾಗದಲ್ಲಿ ಸಾಲಾಗಿ ನಡೆದಿರುವ ಆನೆಗಳನ್ನು ತೋರಿಸಿ, ಗೋಡೆಯ ಭಾರವನ್ನೆಲ್ಲ ಹೊತ್ತ ಸ್ಥೈರ್ಯದ ಸಂಕೇತವೆಂದು ನಾನು ವ್ಯಾಖ್ಯಾನ ಮಾಡುತ್ತಿದ್ದೆ. ತಾತ ಮಕ್ಕಳ ನಡುವೆ ನಿಂತು, “ಇವು ನಡೆಯೋ ಆನೆ. ನಾವು ಬೆಂಗಳೂರಲ್ಲಿ ಸತ್ತ ಆನೆಗಳನ್ನ ಹಾರಿಸಿದ್ದೇವೆ” ಎಂದರು. ಮಕ್ಕಳು ಕುತೂಹಲದಿಂದ ಅವರ ಕಡೆ ತಿರುಗಿದರು. ನನ್ನ ಪಾಠ ಕೆಟ್ಟಿತಲ್ಲ ಎಂಬ ಸಿಟ್ಟಿನಲ್ಲಿ ನಾನು, “ತಾತ, ಇತಿಹಾಸದಲ್ಲಿ ಯಾವ ಮಾತಿಗೂ ಆಧಾರ ಬೇಕು. ನಿಮ್ಮ ಆನೆಗೆ ಶಾಸನ ಎಲ್ಲಿದೆ?” ಎಂದುಬಿಟ್ಟೆ. ಮಕ್ಕಳು ಗೊಳ್ಳೆಂದು ನಕ್ಕರು. ತಾತನೂ ನಕ್ಕರು. ಆದರೆ ಅಂದಿನಿಂದ 2009ರಲ್ಲಿ ತೀರಿಕೊಳ್ಳುವವರೆಗೆ ಅವರ ಬಾಯಿಂದ ಆನೆಯ ಮಾತು ನಾನು ಮತ್ತೆ ಕೇಳಲಿಲ್ಲ.

ಈಗ ನನ್ನ ಪ್ರಯಾಣದ ಮಾತಿಗೆ ಬರುತ್ತೇನೆ. ತಂಗಿ ಮತ್ತು ಅವಳ ಗಂಡ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದ್ದಾರೆ. 2018ರಲ್ಲಿ ಅವರ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಅವನು, “ಭಾವ, ಹಳೆಯ ಯುದ್ಧವಿಮಾನಗಳು ಬಂದಿವೆಯಂತೆ, ನೋಡಿ ಬರೋಣ ಬನ್ನಿ” ಎಂದು ಒಂದು ಪುಟ್ಟ ವಿಮಾನ ನಿಲ್ದಾಣಕ್ಕೆ ಕರೆದೊಯ್ದ. ಕಾಲಿಂಗ್ಸ್ ಪ್ರತಿಷ್ಠಾನ ಎಂಬ ಸಂಸ್ಥೆ ಯುದ್ಧಕಾಲದ ವಿಮಾನಗಳನ್ನು ಸಿದ್ಧಪಡಿಸಿ ಊರೂರಿಗೆ ಒಯ್ದು, ಹಣ ಕೊಟ್ಟವರನ್ನು ಹತ್ತಿಸಿಕೊಂಡು ಹಾರಿಸುತ್ತಿತ್ತು. ಅಲ್ಲಿ ಎಲ್ಲಕ್ಕಿಂತ ಸ್ಥೂಲವಾಗಿ, ನೆಲಕ್ಕೆ ಹೊಟ್ಟೆ ತಾಗುವಂತೆ ನಿಂತಿದ್ದ ವಿಮಾನವನ್ನು ಕಂಡು ನನ್ನ ಬಾಯಿಂದ ಹೊರಟ ಮೊದಲ ಮಾತು “ಆನೆ” ಎಂಬುದೇ. ಕೈಗೆ ಕೊಟ್ಟ ಕರಪತ್ರವನ್ನು ಓದಿದೆ. ಹೆಸರು ಲಿಬರೇಟರ್, 1944ರ ಆಗಸ್ಟಿನಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಕಟ್ಟಿದ್ದು, ಬ್ರಿಟಿಷರಿಗೆ ಕೊಟ್ಟದ್ದು, ಯುದ್ಧದ ನಂತರ ಭಾರತದಲ್ಲಿ ತೊರೆದು ಹೋದದ್ದು, ಭಾರತೀಯರು ಮತ್ತೆ ಹಾರಿಸಿ 1968ರ ತನಕ ಬಳಸಿದ್ದು. ಅಕ್ಷರಗಳು ಕಣ್ಣ ಮುಂದೆ ಕಲಸಿಕೊಂಡವು. ಹದಿನಾಲ್ಕು ವರ್ಷದ ಹಿಂದೆ ನಾನು ಹಳೇಬೀಡಿನಲ್ಲಿ ಕೇಳಿದ್ದ ಶಾಸನ ನನ್ನ ಕೈಯಲ್ಲಿಯೇ ಇತ್ತು.

ದರ ತಲೆಗೆ 450 ಡಾಲರು. ಅಂದಿನ ಲೆಕ್ಕದಲ್ಲಿ ನಮ್ಮ 30 ಸಾವಿರ ರೂಪಾಯಿಗೂ ಮೇಲೆ. ನಾನು ಹಿಂಜರಿದೆ, ತಂಗಿ ನನ್ನ ಮುಖ ನೋಡಿ ಮಾತಿಲ್ಲದೆ ಹಣ ಕಟ್ಟಿದಳು. ಹತ್ತುವುದಕ್ಕೆ ಮುಂಚೆ ಇಬ್ಬರು ಮೂವರು ಸಿಬ್ಬಂದಿ ಒಂದೊಂದೇ ಪ್ರೊಪೆಲ್ಲರನ್ನು ಹಿಡಿದು ಕೈಯಿಂದ ತಿರುಗಿಸತೊಡಗಿದರು. ಏಕೆಂದು ಪಕ್ಕದಲ್ಲಿದ್ದ ವೃದ್ಧರು ವಿವರಿಸಿದರು: ಕೆಳಗಿನ ಸಿಲಿಂಡರುಗಳಲ್ಲಿ ಎಣ್ಣೆ ಇಳಿದು ನಿಂತಿರುತ್ತದೆ, ಹಾಗೆಯೇ ಚಾಲೂ ಮಾಡಿದರೆ ಎಂಜಿನು ಮುರಿಯುತ್ತದೆ. ನಾನು ತಲೆದೂಗಿದೆ. ಈ ಪಾಠ ನನಗೆ ನಮ್ಮ ಮನೆಯ ಜಗುಲಿಯ ಮೇಲೆಯೇ ಆಗಿತ್ತೆಂದು ಅವರಿಗೆ ಹೇಗೆ ಹೇಳಲಿ?

ಬಾಂಬುಗಳನ್ನು ತುಂಬುತ್ತಿದ್ದ ಹೊಟ್ಟೆಯ ಕೆಳಗಿನಿಂದ ಬಗ್ಗಿ ಒಳಗೆ ಹೋಗಬೇಕು. ಅದರ ಬಾಗಿಲು ಅಂಗಡಿಯ ಷಟರಿನಂತೆ ವಿಮಾನದ ಪಕ್ಕೆಯ ಮೇಲೆ ಜಾರಿ ಏರುತ್ತದೆ. ಒಳಗೆ ಮುಂದಿನಿಂದ ಹಿಂದಕ್ಕೆ ಓಡಾಡಲು ಗೇಣಗಲದ ಒಂದು ಪಟ್ಟಿ ಮಾತ್ರ. ಕಾಲು ತಪ್ಪಿದರೆ ಕೆಳಗಿರುವ ತೆಳು ಬಾಗಿಲು ಮನುಷ್ಯನ ಭಾರವನ್ನು ತಡೆಯುವುದಿಲ್ಲವೆಂದು ಎಚ್ಚರಿಕೆ ಕೊಟ್ಟರು. ನೆಲದ ಮೇಲೆ ಕುಳಿತು ಪಟ್ಟಿ ಬಿಗಿದುಕೊಂಡೆವು. ಎಂಜಿನುಗಳು ಕೆಮ್ಮಿ, ಹೊಗೆ ಉಗುಳಿ, ಒಂದೊಂದಾಗಿ ಎಚ್ಚರಗೊಂಡವು. ಒಂದೊಂದಕ್ಕೂ 1200 ಕುದುರೆಗಳ ಶಕ್ತಿ. ಏಳೇಳು ಸಿಲಿಂಡರುಗಳ ಎರಡು ಸುತ್ತು, ನಮ್ಮ ದೇಗುಲಗಳ ಭುವನೇಶ್ವರಿಯಲ್ಲಿ ಕಡೆದ ತಾವರೆಯ ದಳಗಳಂತೆ. ನಾಲ್ಕೂ ಒಟ್ಟಿಗೆ ಮೊಳಗಿದಾಗ ಸದ್ದು ಕಿವಿಗೆ ಕೇಳಿಸುವುದಿಲ್ಲ. ಎದೆಯ ಗೂಡಿಗೆ ಕೇಳಿಸುತ್ತದೆ.

ನೆಲ ಬಿಟ್ಟ ಮೇಲೆ ಎದ್ದು ಓಡಾಡಲು ಅಪ್ಪಣೆಯಾಯಿತು. ಸೊಂಟದ ಮಟ್ಟಕ್ಕೆ ಇಕ್ಕೆಲದಲ್ಲಿ ತೆರೆದ ಕಿಟಕಿಗಳು, ಅಲ್ಲಿ ಮೆಷಿನ್‌ಗನ್ನುಗಳು. ಗಾಳಿ ಕನ್ನಡಕವನ್ನು ಕಿತ್ತೊಯ್ಯುವಂತೆ ಬೀಸುತ್ತಿತ್ತು. ಕೆಳಗೆ ಕಾಡು, ಕೆರೆ, ಬಿಳಿಯ ಮನೆಗಳು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದ್ದವು. ಜೊತೆಯವರು ಚಿತ್ರ ತೆಗೆದುಕೊಳ್ಳುವುದರಲ್ಲಿ ಮಗ್ನರಾಗಿದ್ದರು. ನಾನು ಗೋಡೆಯ ತಗಡಿನ ರಿವೆಟ್ಟುಗಳನ್ನು ಬೆರಳಿನಿಂದ ಸವರುತ್ತಿದ್ದೆ. ಇವುಗಳಲ್ಲಿ ಬೆಂಗಳೂರಿನವು ಎಷ್ಟು ಉಳಿದಿವೆಯೋ! ತಾತನ ಕೈ ಇದೇ ವಿಮಾನವನ್ನು ಮುಟ್ಟಿತ್ತೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಸುಮಾರು ನಲವತ್ತರಲ್ಲಿ ಒಂದು ಇದು. ಆ ಕೈಗಳ ಬಳಗದ್ದು. ಕೆಳಗಿಳಿದು ಸುತ್ತ ನೋಡಿದೆ. ಮೂತಿಯ ಮೇಲೆ ಅಮೆರಿಕದ ಬಾಂಬರೊಂದರ ಹೆಸರಾದ ‘ವಿಚ್‌ಕ್ರಾಫ್ಟ್’. ಮೈ ಮೇಲೆ ಅಮೆರಿಕದ ನಕ್ಷತ್ರ. ಇಪ್ಪತ್ತು ವರ್ಷ ಹೊತ್ತಿದ್ದ ನಮ್ಮ ತ್ರಿವರ್ಣದ ಚಕ್ರ ಬಣ್ಣದಲ್ಲಿ ಎಲ್ಲಿಯೂ ಇರಲಿಲ್ಲ. ಇದಕ್ಕಾಗಿ ಅವರನ್ನು ದೂರಲಾರೆ. 1984ರಲ್ಲಿ ಅದನ್ನು ಕೊಂಡು, ಐದು ವರ್ಷ ಬಿಚ್ಚಿ ಕಟ್ಟಿ, 1989ರಲ್ಲಿ ಆಕಾಶಕ್ಕೇರಿಸಿದವರು ಅವರು; ತಮ್ಮ ಮಡಿದವರನ್ನು ನೆನೆಯುವುದು ಅವರ ಧರ್ಮ. ನಮ್ಮವರನ್ನು ನೆನೆಯಬೇಕಾದವರು ನಾವು; ನೆನಪಿಸಿದವರನ್ನು ನಗೆಗೀಡು ಮಾಡಿದವನು ನಾನು.

ಇಂಥ ಹಾರಾಟದಲ್ಲಿ ಅಪಾಯವಿಲ್ಲವೆಂದು ಯಾರೂ ತಿಳಿಯಬಾರದು. ಮರುವರ್ಷ, 2019ರ ಅಕ್ಟೋಬರ್ 2ರಂದು, ಅದೇ ಸಂಸ್ಥೆಯ ಇನ್ನೊಂದು ಬಾಂಬರು ಪ್ರಯಾಣಿಕರೊಡನೆ ಕನೆಕ್ಟಿಕಟ್‌ನಲ್ಲಿ ಬಿದ್ದು ಏಳು ಮಂದಿ ತೀರಿಕೊಂಡರು. ತನಿಖೆಯ ವರದಿ ಎಂಜಿನುಗಳ ನಿರ್ವಹಣೆಯ ಕೊರತೆಯನ್ನೂ ಕಾರಣಗಳ ಸಾಲಿನಲ್ಲಿ ಹೇಳಿತು. 2020ರಲ್ಲಿ ಆ ಸಂಸ್ಥೆಗಿದ್ದ ಪ್ರಯಾಣಿಕರನ್ನು ಒಯ್ಯುವ ಅನುಮತಿಯೂ ರದ್ದಾಯಿತು. ಆ ಸುದ್ದಿ ಓದಿದ ದಿನ ನಾನು ತಾತನ ಸ್ಪ್ಯಾನರನ್ನು ಟ್ರಂಕಿನಿಂದ ತೆಗೆದು ಬಹಳ ಹೊತ್ತು ನೋಡಿದೆ. ಒಂದು ತಿರುಪನ್ನು ಸರಿಯಾಗಿ ಬಿಗಿಯುವುದು ಎಷ್ಟು ದೊಡ್ಡ ಸತ್ಯನಿಷ್ಠೆಯೆಂಬುದು ವ್ಯಾಕರಣದ ಪಾಠ ಹೇಳುವ ನನಗೆ ಅದುವರೆಗೆ ಹೊಳೆದಿರಲಿಲ್ಲ.

ಈಗಲೂ ಪ್ರತಿ ವರ್ಷ ಮಕ್ಕಳನ್ನು ಹಳೇಬೀಡಿಗೂ, ಅಲ್ಲಿಂದ 16 ಕಿಲೋಮೀಟರಿನ ಬೇಲೂರಿಗೂ ಕರೆದೊಯ್ಯುತ್ತೇನೆ. 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಜನವೂ ಹೆಚ್ಚಿದೆ. ಮೊದಲಿನಂತೆ 1117ರ ವಿಷ್ಣುವರ್ಧನನನ್ನೂ, ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆದಿಟ್ಟ ದಾಸೋಜ ಚಾವಣರನ್ನೂ ಹೇಳುತ್ತೇನೆ. ಆಮೇಲೆ, ಮೊದಲು ಹೇಳದೆ ಬಿಡುತ್ತಿದ್ದ ಒಂದು ಮಾತನ್ನೂ ಸೇರಿಸುತ್ತೇನೆ. ನಾವು ಒಳಗೆ ಬಂದ ಮಹಾದ್ವಾರದ ಗೋಪುರ ಹೊಯ್ಸಳರದಲ್ಲ. ಶತ್ರುಗಳು ಸುಟ್ಟಿದ್ದನ್ನು 1397ರಲ್ಲಿ ಎರಡನೆಯ ಹರಿಹರನ ದಂಡನಾಯಕನಾದ ಗುಂಡ ಮತ್ತೆ ಎತ್ತಿಸಿದ್ದು. ಒಳಗಿನ ನವರಂಗದಲ್ಲಿ ಕಡೆದ ಕಂಬಗಳ ನಡುವೆ ಅಂದವಿಲ್ಲದ ಕಗ್ಗಲ್ಲಿನ ಕಂಬಗಳನ್ನೂ ತೋರಿಸುತ್ತೇನೆ. ಅವು ಭಾರ ಹೊರಲೆಂದು ಆಮೇಲೆ ಬಂದವರು ಕೊಟ್ಟ ಆಸರೆ. ಅವನ್ನು ನಿಲ್ಲಿಸಿದ ಕೂಲಿಗಳ ಹೆಸರು ಎಲ್ಲಿಯೂ ಇಲ್ಲ. ಅವರ ಕೆಲಸದಿಂದಾಗಿ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತಿದೆ. ಮಕ್ಕಳು ಕೇಳಿದರೆ ಆನೆಯ ಕಥೆಯನ್ನೂ ಹೇಳುತ್ತೇನೆ.

ಅಮೆರಿಕದಿಂದ ಹಿಂದಿರುಗಿದ ದಿನ ಅಜ್ಜಿಗೆ ವಿಮಾನದ ಚಿತ್ರ ತೋರಿಸಿ, ನಡೆದುದನ್ನೆಲ್ಲ ವರ್ಣಿಸಿದೆ. ಆಗ ಅವರಿಗೆ ಎಂಬತ್ತಾರು ವರ್ಷ. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು; ಸೆರಗಿನಿಂದ ಒರೆಸಿ ತಾತನ ಪಟದ ಕೆಳಗೆ ಒರಗಿಸಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಅವರು ಹೇಳಿದ್ದು ನಿಜ ಅಂತ ತಿಳಿಯೋದಕ್ಕೆ ಅಷ್ಟು ದೂರ ಹೋಗಬೇಕಾಯ್ತೇನಪ್ಪ ನೀನು?” ಎಂದರು.