ಪದವಿನ ಇಳಿಜಾರಿಗೆ ಎಂಥ ಸೈಕಲ್?

ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸಸ್ಪೆನ್ಶನ್ ಇರುವ ಮೌಂಟನ್ ಬೈಕ್‌ಗೆ ಫುಲ್ ಸಸ್ಪೆನ್ಶನ್ ಸೈಕಲ್ ಎಂದು ಹೆಸರು. ಇಳಿಜಾರಿನಲ್ಲಿ ಇದಕ್ಕೆ ಎರಡು ಬಗೆಯ ಕೆಲಸ. ಗುಡ್ಡದ ತುದಿಯಿಂದ ಬುಡಕ್ಕೆ ಯಾರು ಬೇಗ ತಲುಪುತ್ತಾರೆ ಎಂಬ ಪಂದ್ಯ ಡೌನ್‌ಹಿಲ್. ಫ್ರೀರೈಡ್‌ನಲ್ಲಿ ಹೊತ್ತಿನ ಲೆಕ್ಕವಿಲ್ಲ. ಬಂಡೆಯಿಂದ ಧುಮುಕುವುದು, ಇಕ್ಕಟ್ಟಿನ ಮರದ ಪಾಲದ ಮೇಲೆ ಆಯ ತಪ್ಪದೆ ಸಾಗುವುದು ಇದರ ಸೊಗಸು.

ಡೌನ್‌ಹಿಲ್ ಶುರುವಾದದ್ದು ಒಣ ಗುಡ್ಡದಲ್ಲಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿ ಕೆಲವು ಯುವಕರು ಹಳೆಯ ಸೈಕಲ್‌ಗಳಲ್ಲಿ ಪಂದ್ಯ ಕಟ್ಟಿಕೊಂಡು ಇಳಿಯುತ್ತಿದ್ದರು. ಒಂದು ಸಲ ಇಳಿಯುವಷ್ಟರಲ್ಲಿ ಬ್ರೇಕ್ ಕಾದು ಹಬ್‌ನ ಗ್ರೀಸ್ ಸುಟ್ಟುಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ 'ರೀಪ್ಯಾಕ್' ಎಂದೇ ಹೆಸರಾಯಿತು. ಫ್ರೀರೈಡ್ ಬೆಳೆದದ್ದು ಕೆನಡಾದ ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್ ಬೆಟ್ಟಗಳಲ್ಲಿ. ಸದಾ ಮಳೆ ಹಿಡಿಯುವ ಆ ಕಾಡಿನಲ್ಲಿ ಕೆಸರು ದಾಟಲು ಮರದ ಪಾಲಗಳನ್ನು ಕಟ್ಟಿದರು. ಕ್ರಮೇಣ ಪಾಲವೇ ಆಟವಾಯಿತು. ತೋಡಿಗೆ ಅಡಿಕೆಮರದ ಸಂಕ ಹಾಕಿ ದಾಟುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನ ನೆಲ ಈ ಎರಡಕ್ಕಿಂತಲೂ ಬೇರೆ. ಮೇಲೆ ಮುಳಿಹುಲ್ಲು ಹೊದ್ದ ಚಪ್ಪಟೆ ಪದವು, ಅಂಚಿನಲ್ಲಿ ಕಡಿದಾದ ಮುರಕಲ್ಲಿನ ಇಳಿಜಾರು, ಕೆಳಗೆ ಅಡಿಕೆ ತೋಟ, ತೋಡು, ಗದ್ದೆ. ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನಲ್ಲಿ ಜನ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು, ಇಟ್ಟಿಗೆಯ ಲ್ಯಾಟಿನ್ ಪದದಿಂದ ಹೆಸರು ಕಟ್ಟಿ, 1807ರ ತನ್ನ ಪ್ರವಾಸ ಗ್ರಂಥದಲ್ಲಿ ಬಳಸಿದ. ಕಡಿಯುವಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ತೂತುಗಳ ಅಂಚು ಟಯರನ್ನು ಕೊಯ್ಯುವಷ್ಟು ಹರಿತ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ ಹಾವಸೆ.

ಇಲ್ಲಿನ ಇಳಿಜಾರುಗಳು ಉದ್ದವಲ್ಲ. ಪದವಿನಿಂದ ತೋಡಿಗೆ ಎತ್ತರದ ವ್ಯತ್ಯಾಸ ಹೆಚ್ಚೆಂದರೆ ನೂರಿನ್ನೂರು ಮೀಟರ್, ಎರಡು ಮೂರು ನಿಮಿಷಗಳ ಆಟ. ಆಮೇಲೆ ಮತ್ತೆ ಹತ್ತಬೇಕು. ಕೆನಡಾದ ವಿಸ್ಲರ್‌ನಲ್ಲಿ ಸೈಕಲ್ಲನ್ನೂ ಸವಾರನನ್ನೂ ಮೇಲೆ ಒಯ್ಯಲು ಹಗ್ಗದ ಲಿಫ್ಟ್ ಇದೆ. ಇಲ್ಲಿ ಕಾಲೇ ಲಿಫ್ಟ್. ಸೈಕಲ್ ಆಯ್ಕೆಯ ಮುಕ್ಕಾಲು ಪಾಲು ಈ ಒಂದು ಸಂಗತಿಯಲ್ಲೇ ತೀರ್ಮಾನವಾಗುತ್ತದೆ.

ಅಪ್ಪಟ ಡೌನ್‌ಹಿಲ್ ಸೈಕಲ್‌ಗೆ ಮುಂದೆ ಹಿಂದೆ ತಲಾ 200 ಮಿಲಿಮೀಟರ್ ಆಸುಪಾಸಿನ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವ ಅಂತರ, ಇರುತ್ತದೆ. ಸೀಟು ತಗ್ಗು, ಗೇರ್ ಏಳೇ. ಕೂತು ತುಳಿದು ಗುಡ್ಡ ಹತ್ತಲು ಅದು ಆಗದು. ಅದರ ಫೋರ್ಕ್‌ಗೆ ಫ್ರೇಮಿನ ತಲೆಕೊಳವೆಯ ಮೇಲೊಂದು ಕೆಳಗೊಂದು ಹಿಡಿ ಇರುವುದರಿಂದ ಹ್ಯಾಂಡಲ್ ಪೂರ್ತಿ ತಿರುಗುವುದೂ ಇಲ್ಲ. ತೋಟದ ನಡುವಿನ ಇಕ್ಕಟ್ಟು ತಿರುವಿನಲ್ಲಿ ಇದು ದೊಡ್ಡ ತೊಡಕು. ಬೇಕಾದದ್ದು 160ರಿಂದ 170 ಮಿಲಿಮೀಟರ್ ಟ್ರಾವೆಲ್‌ನ, ವ್ಯಾಪಾರದಲ್ಲಿ 'ಎಂಡ್ಯೂರೊ' ಎಂದು ಕರೆಯುವ ಬಗೆ. ಡೌನ್‌ಹಿಲ್‌ನ ಪೆಟ್ಟನ್ನು ಬಹುಮಟ್ಟಿಗೆ ತಾಳುತ್ತದೆ, ಹನ್ನೆರಡು ಗೇರ್ ಇರುವುದರಿಂದ ಹತ್ತುತ್ತದೆ. ತೂಕ ಹದಿನೈದು ಹದಿನಾರು ಕಿಲೊ; ತಡಮೆ ಬಂದಲ್ಲಿ ಎತ್ತಿ ದಾಟಿಸಲು ಅಷ್ಟು ಸಾಕೋ ಸಾಕು.

ಊರಿನ ಸೈಕಲ್ ಅಂಗಡಿಗಳಲ್ಲಿ ಹತ್ತು ಹದಿನೈದು ಸಾವಿರಕ್ಕೆ ಸಿಗುವ 'ಡಬಲ್ ಸಸ್ಪೆನ್ಶನ್' ಸೈಕಲ್ ಇದಲ್ಲ. ಅದರ ನಡುವೆ ಇರುವುದು ಬರಿಯ ಸ್ಪ್ರಿಂಗ್. ಸ್ಪ್ರಿಂಗ್ ಪೆಟ್ಟನ್ನು ನುಂಗುತ್ತದೆ, ಮರುಕ್ಷಣವೇ ಅಷ್ಟೇ ಜೋರಾಗಿ ಉಗುಳುತ್ತದೆ. ಆ ಮರುನೆಗೆತವನ್ನು ಹಿಡಿದು ನಿಧಾನಿಸುವ ಎಣ್ಣೆಯ ಡ್ಯಾಂಪರ್ ಇದ್ದರೆ ಮಾತ್ರ ಅದು ಶಾಕ್ ಅಬ್ಸಾರ್ಬರ್. ಡ್ಯಾಂಪರ್ ಇಲ್ಲದ ಸೈಕಲ್ ಮುರಕಲ್ಲಿನ ಮೆಟ್ಟಿಲಿನಿಂದ ಇಳಿದರೆ ಸವಾರನನ್ನು ಹ್ಯಾಂಡಲ್‌ನ ಆಚೆಗೆ ಎಸೆಯುತ್ತದೆ.

ಶಾಕ್‌ಗೆ ಒತ್ತಿದ ಗಾಳಿಯೂ ಆಗಬಹುದು, ಉಕ್ಕಿನ ಸುರುಳಿಯೂ ಆಗಬಹುದು. ಸುರುಳಿ ಮೃದು, ದೀರ್ಘ ಇಳಿಜಾರಿನಲ್ಲಿ ಕಾದರೂ ಗುಣ ಬದಲಿಸದು. ಆದರೆ ಸವಾರನ ತೂಕಕ್ಕೆ ತಕ್ಕ ಸುರುಳಿಯನ್ನೇ ಕೊಳ್ಳಬೇಕು. ಗಾಳಿಯದಕ್ಕೆ ಒಂದು ಪುಟ್ಟ ಪಂಪ್ ಇದ್ದರೆ ಮುಗಿಯಿತು. ಎರಡು ನಿಮಿಷದ ಇಳಿಜಾರಿಗೆ ಗಾಳಿಯೇ ಧಾರಾಳ. ಸವಾರ ಕೂತಾಗ ಶಾಕ್ ತನ್ನ ಚಲನೆಯ ಸುಮಾರು ಶೇಕಡಾ 30ರಷ್ಟು ಕುಗ್ಗಬೇಕು. 170 ಮಿಲಿಮೀಟರ್ ಟ್ರಾವೆಲ್‌ನ ಸೈಕಲ್‌ನಲ್ಲಿ ಶಾಕ್‌ನ ಚಲನೆ 65 ಮಿಲಿಮೀಟರ್ ಇದ್ದರೆ, ಕುಗ್ಗಬೇಕಾದದ್ದು 19-20 ಮಿಲಿಮೀಟರ್. ಶಾಕ್‌ನ ಮೇಲಿರುವ ರಬ್ಬರ್ ಉಂಗುರವನ್ನು ಸರಿಸಿಟ್ಟು ಕೂತರೆ ಈ ಅಳತೆ ತಾನೇ ಸಿಗುತ್ತದೆ.

ಹಿಂದಿನ ಚಕ್ರವನ್ನು ಫ್ರೇಮಿಗೆ ಜೋಡಿಸುವ ಕೀಲುಗಳ ಬಗ್ಗೆ ಕಂಪನಿಗಳು ಬಲು ದೊಡ್ಡ ಮಾತಾಡುತ್ತವೆ. ಹೆಚ್ಚು ಪ್ರಸಿದ್ಧವಾದದ್ದು ಹೋರ್ಸ್ಟ್ ಲೈಟ್ನರ್ ಎಂಬ ಆಸ್ಟ್ರಿಯಾ ಮೂಲದ ಮೋಟೊಕ್ರಾಸ್ ಸವಾರ ರೂಪಿಸಿದ ನಾಲ್ಕು ಕೀಲಿನ ಜೋಡಣೆ. ಅದರಲ್ಲಿ ಬ್ರೇಕ್ ಹಿಡಿದಾಗಲೂ ಸಸ್ಪೆನ್ಶನ್ ಬಿಗಿಯದೆ ಆಡುತ್ತದೆ. ಒಂದೇ ಕೀಲಿನ ಸರಳ ಫ್ರೇಮಿಗೆ ಆ ನಾಜೂಕು ಇಲ್ಲ. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಪ್ರತಿಯೊಂದು ಕೀಲೂ ನೀರು ನುಗ್ಗುವ ಒಂದು ಬಾಗಿಲು. ಕಡಿಮೆ ಬೇರಿಂಗ್ ಇರುವ ಫ್ರೇಮನ್ನು ಇಲ್ಲಿ ಕೀಳೆಂದು ಕಾಣಬೇಕಾಗಿಲ್ಲ.

ಫ್ರೇಮಿನ ಮುಂಗೋನ, ಅಂದರೆ ತಲೆಕೊಳವೆ ನೆಲದೊಂದಿಗೆ ಮಾಡುವ ಕೋನ, 64 ಡಿಗ್ರಿಯ ಆಸುಪಾಸಿನಲ್ಲಿರಲಿ. ಇದು ಕಡಿಮೆಯಾದಷ್ಟೂ ಮುಂದಿನ ಚಕ್ರ ದೂರ ಚಾಚಿ ಇಳಿಜಾರಿನಲ್ಲಿ ಧೈರ್ಯ ಕೊಡುತ್ತದೆ, ಸಮತಟ್ಟಿನಲ್ಲಿ ಅಷ್ಟೇ ಸೋಮಾರಿಯಾಗುತ್ತದೆ. ಸೀಟಿನ ಕಂಬ 76-77 ಡಿಗ್ರಿ ನೆಟ್ಟಗಿದ್ದರೆ ಹತ್ತುವುದು ಸಲೀಸು. ಹ್ಯಾಂಡಲ್‌ನ ಗುಂಡಿ ಒತ್ತಿದರೆ ತಗ್ಗುವ ಡ್ರಾಪರ್ ಸೀಟ್ ಪೋಸ್ಟ್ ಶೋಕಿಯಲ್ಲ, ಅವಶ್ಯಕ. ಚಕ್ರದಲ್ಲಿ 29 ಇಂಚಿನದು ಕಲ್ಲಿನ ಗುಂಡಿಗಳ ಮೇಲೆ ಸಲೀಸಾಗಿ ಉರುಳುತ್ತದೆ, 27.5 ಇಂಚಿನದು ಬೇಗ ತಿರುಗುತ್ತದೆ. ಮುಂದೆ ದೊಡ್ಡದು, ಹಿಂದೆ ಚಿಕ್ಕದು ಹಾಕುವ ರೂಢಿಯನ್ನು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2019ರಲ್ಲಿ ಪಂದ್ಯಗಳಿಗೂ ಒಪ್ಪಿತು. ಎತ್ತರ ಕಡಿಮೆಯಿರುವವರಿಗೆ ಕಡಿದಾದ ಕಡೆ ಹಿಂದಕ್ಕೆ ಸರಿಯಲು ಇದರಿಂದ ಜಾಗ ಸಿಗುತ್ತದೆ.

ದುಡ್ಡು ಉಳಿಸಬಾರದ ಜಾಗ ಟಯರ್. 2.4ರಿಂದ 2.5 ಇಂಚು ಅಗಲ, ಪಕ್ಕದ ಗೋಡೆ ಇಮ್ಮಡಿ ಪದರದ್ದು, ಒಳಗೆ ಟ್ಯೂಬ್ ಬದಲು ಸೀಲಂಟ್ ದ್ರವ. ನಾಚಿಕೆಮುಳ್ಳು ಚುಚ್ಚಿದರೆ ದ್ರವವೇ ತೂತು ಮುಚ್ಚುತ್ತದೆ. ಮುರಕಲ್ಲು ಕೊಯ್ದ ಗೋಡೆಯನ್ನು ಮಾತ್ರ ಅದು ಮುಚ್ಚಲಾರದು. ಬೇಸಗೆಯ ಸೆಕೆಗೆ ದ್ರವ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಹಾವಸೆ ಹಿಡಿದ ಪಾದೆಯ ಮೇಲೆ ಯಾವ ಟಯರೂ ನಿಲ್ಲದು, ಅಲ್ಲಿ ಇಳಿದು ನಡೆಯುವುದೇ ಲೇಸು.

ಬ್ರೇಕ್ ನಾಲ್ಕು ಪಿಸ್ಟನ್‌ನ ಹೈಡ್ರಾಲಿಕ್, ಡಿಸ್ಕ್ 200 ಮಿಲಿಮೀಟರ್. ಕೆಲವು ಬ್ರೇಕ್‌ಗಳಿಗೆ ಡಾಟ್ ದ್ರವ, ಕೆಲವಕ್ಕೆ ಖನಿಜ ತೈಲ. ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿ, ಕರಾವಳಿಗೆ ಖನಿಜ ತೈಲದ್ದೇ ಹಿತ. ಕೆಂಪು ಕೆಸರು ಮೆತ್ತನೆಯ ರೆಸಿನ್ ಪ್ಯಾಡನ್ನು ಬೇಗ ತೇಯ್ದುಹಾಕುತ್ತದೆ. ಲೋಹದ ಪುಡಿಯ ಪ್ಯಾಡ್ ಸದ್ದು ಮಾಡಿದರೂ ಬಾಳುತ್ತದೆ.

ಸೈಕಲ್ ಇದ್ದ ಮಾತ್ರಕ್ಕೆ ಗುಡ್ಡವೆಲ್ಲ ತನ್ನದಾಗುವುದಿಲ್ಲ. ಬೆಳ್ತಂಗಡಿಯ ಮೂಡಣ ಗೋಡೆಯಂತಿರುವ ಘಟ್ಟದ ಬಹುಭಾಗ ರಕ್ಷಿತಾರಣ್ಯ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಚಾರ್ಮಾಡಿಯ ಹೆದ್ದಾರಿ ಡಾಂಬರಿನದು, ಬಸ್ಸು ಲಾರಿಗಳ ತಿರುವುಗಳದು. ಅಲ್ಲಿ ಈ ಸೈಕಲ್‌ಗೆ ಕೆಲಸವಿಲ್ಲ. ಉಳಿಯುವುದು ಪದವು, ರಬ್ಬರ್ ತೋಟದ ಮಣ್ಣುದಾರಿ, ಅದೂ ಜಾಗದವರ ಒಪ್ಪಿಗೆ ಇದ್ದರೆ. ಪದವಿನಲ್ಲಿ ಬಿಟ್ಟುಹೋದ ಕೆಂಪುಕಲ್ಲಿನ ಕೋರೆಗಳು ಹುಲ್ಲಿನ ಮರೆಯಲ್ಲಿ ಥಟ್ಟನೆ ಬಾಯಿ ತೆರೆಯುತ್ತವೆ. ಹೊಸ ದಾರಿಯನ್ನು ಮೊದಲು ನಡೆದು ನೋಡದೆ ಇಳಿಯಬಾರದು. ಮುಖ ಮುಚ್ಚುವ ಹೆಲ್ಮೆಟ್ ಇಲ್ಲದೆಯಂತೂ ಬೇಡವೇ ಬೇಡ.

ಇಂಥ ಸೈಕಲ್‌ನ ಬೆಲೆ ಲಕ್ಷಗಳಲ್ಲಿರುವುದರಿಂದ ಬಹಳ ಮಂದಿ ಹಳತನ್ನು ಹುಡುಕುತ್ತಾರೆ. ಫೋರ್ಕಿನ ನುಣುಪು ಕೊಳವೆಯ ಮೇಲೆ ಉಗುರಿಗೆ ತಾಗುವ ಗೀರು ಇದ್ದರೆ ಸೀಲ್ ಎಣ್ಣೆಯನ್ನು ಹಿಡಿದಿಡದು. ಫ್ರೇಮ್ ಅಲ್ಯೂಮಿನಿಯಮ್‌ನದಾದರೆ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯ ಬಿರುಕು ಇದೆಯೇ ನೋಡಬೇಕು. ಕೊನೆಗೆ ಶಾಕ್‌ನ ಒಂದು ಬೋಲ್ಟ್ ಕಳಚಿ ಹಿಂದಿನ ಚಕ್ರವನ್ನು ಕೈಯಿಂದ ಎತ್ತಿ ಬಿಡಬೇಕು. ಬೇರಿಂಗ್ ಚೆನ್ನಾಗಿದ್ದರೆ ಚಕ್ರ ತನ್ನ ಭಾರಕ್ಕೇ ಸರ್ರನೆ ಕೆಳಗಿಳಿಯುತ್ತದೆ. ಎತ್ತಿದಲ್ಲೇ ನಿಂತರೆ ಮಳೆಗಾಲದ ನೀರು ಒಳಗೆ ಹೋಗಿ ತುಕ್ಕು ಹಿಡಿದಿದೆ ಎಂದರ್ಥ.