ಸಮುದ್ರವಿಲ್ಲದ ಚಾಕಣಕ್ಕೂ ಬೇಕು ಸಾಗರ ಕಾನೂನು: ಕಿರಿಯ ವಕೀಲರ ಕೆಲಸವೇನು?

ಪುಣೆ ಸಮೀಪದ ಚಾಕಣದಲ್ಲಿ ಸಮುದ್ರವಿಲ್ಲ. ಆದರೆ ಇಲ್ಲಿನ ಕಾರ್ಖಾನೆಗಳ ವಾಹನ, ಬಿಡಿಭಾಗಗಳು ಮುಂಬೈ ಭಾಗದ ಬಂದರುಗಳಿಂದ ಹಡಗೇರಿ ವಿದೇಶಕ್ಕೆ ಹೋಗುತ್ತವೆ. ದಾರಿಯಲ್ಲಿ ಸರಕು ಹಾಳಾದರೆ ಸಾಗರ ಕಾನೂನು ಕಲಿಯುತ್ತಿರುವ ಕಿರಿಯ ವಕೀಲರ ಕೆಲಸ ಶುರುವಾಗುತ್ತದೆ.

ಬಿಲ್ ಆಫ್ ಲೇಡಿಂಗ್, ಇನ್‌ವಾಯ್ಸ್, ಸರ್ವೆ ವರದಿಗಳನ್ನು ತಾಳೆ ನೋಡಿ, ಹಾನಿ ಎಲ್ಲಿ ಆಯಿತೆಂದು ದಿನಾಂಕವಾರು ಪಟ್ಟಿ ಮಾಡಬೇಕು. ದಿನಾಂಕವೇ ಇಲ್ಲಿ ಮುಖ್ಯ. ಸರಕು ತಲುಪಿದ ಅಥವಾ ತಲುಪಬೇಕಿದ್ದ ದಿನದಿಂದ ಸಾಮಾನ್ಯವಾಗಿ 1 ವರ್ಷದೊಳಗೆ ದಾವೆ ಹೂಡದಿದ್ದರೆ ಹಡಗು ಕಂಪನಿಯಿಂದ ಪರಿಹಾರ ಕೇಳುವಂತಿಲ್ಲ.

ಬಂದರು ಬಿಟ್ಟ ಹಡಗು ಮತ್ತೆ ಕೈಗೆ ಸಿಗುವುದು ಕಷ್ಟ. ಅದಕ್ಕೂ ಮೊದಲೇ ತಡೆಹಿಡಿಯಲು 2017ರ ಅಡ್ಮಿರಾಲ್ಟಿ ಕಾಯ್ದೆಯಡಿ ಬಾಂಬೆ ಹೈಕೋರ್ಟ್ ಆದೇಶಿಸಬಹುದು. ಮಂಗಳೂರು, ಕಾರವಾರಕ್ಕೆ ಬರುವ ಹಡಗುಗಳ ವಿಷಯದಲ್ಲಿ ಇದೇ ಅಧಿಕಾರ ಕರ್ನಾಟಕ ಹೈಕೋರ್ಟ್‌ಗೂ ಇದೆ.