ಮಾರಿದ ಮೇಲೂ ಮುಗಿಯದ ಹೊಣೆ

ಮನೆಗೆ ಹೊಸ ಮೊಬೈಲ್ ಬಂದರೆ ಮಕ್ಕಳಿಗೆ ಹಬ್ಬ. ರಾತ್ರಿ ಅದನ್ನು ಚಾರ್ಜಿಗೆ ಹಾಕಿ ದಿಂಬಿನ ಪಕ್ಕದಲ್ಲೇ ಇಟ್ಟು ಮಲಗುವವರಿದ್ದಾರೆ. ಅದೇ ಫೋನ್ ನಡುರಾತ್ರಿ ಹೊತ್ತಿಕೊಂಡರೆ? 2016ರಲ್ಲಿ ಹಲವು ದೇಶಗಳ ಗ್ರಾಹಕರನ್ನು ಈ ಭಯ ಕಾಡಿತು.

ಆ ವರ್ಷ ಆಗಸ್ಟ್ 19ರಂದು ಸ್ಯಾಮ್‌ಸಂಗ್ ಕಂಪೆನಿಯು ಗ್ಯಾಲಕ್ಸಿ ನೋಟ್ 7 ಫೋನನ್ನು ದಕ್ಷಿಣ ಕೊರಿಯಾ, ಅಮೆರಿಕ ಮುಂತಾದ ಕಡೆ ಏಕಕಾಲಕ್ಕೆ ಮಾರುಕಟ್ಟೆಗೆ ತಂದಿತು. ದೊಡ್ಡ ಕಂಪೆನಿಗಳ ರೀತಿಯೇ ಇದು. ಹಲವು ದೇಶಗಳಲ್ಲಿ ಒಮ್ಮೆಲೇ ಮಾರಿದರೆ ಲಾಭ ಬೇಗ ಬರುತ್ತದೆ. ಆದರೆ ವಸ್ತುವಿನಲ್ಲಿ ದೋಷವಿದ್ದರೆ ಅದೂ ಅಷ್ಟೇ ಬೇಗ ಮನೆಮನೆ ಸೇರುತ್ತದೆ.

ಎರಡೇ ವಾರಗಳಲ್ಲಿ ಫೋನುಗಳು ಸುಟ್ಟ ದೂರುಗಳು ಬಂದವು. ಸೆಪ್ಟೆಂಬರ್ 2ರಂದು ಕಂಪೆನಿ ಮಾರಾಟ ನಿಲ್ಲಿಸಿ, ಸುಮಾರು 25 ಲಕ್ಷ ಫೋನುಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಭಾರತದಲ್ಲಿ ಅದೇ ದಿನ ಮಾರಾಟ ಆರಂಭವಾಗಬೇಕಿತ್ತು. ಅದೂ ನಿಂತಿತು.

ಚೀನಾದಲ್ಲಿ ಮಾತ್ರ ಮಾರಾಟ ಮುಂದುವರಿಯಿತು. ಅಲ್ಲಿನ ಫೋನುಗಳಲ್ಲಿರುವ ಬ್ಯಾಟರಿ ಬೇರೆ, ಆತಂಕ ಬೇಡ ಎಂದು ಕಂಪೆನಿ ಹೇಳಿತು. ಆದರೆ ಅಲ್ಲಿಂದಲೂ ದೂರುಗಳು ಬಂದವು. ಬೇರೆ ದೇಶದವರಿಗೆ ಸಿಕ್ಕ ಕಾಳಜಿ ನಮಗೇಕಿಲ್ಲ ಎಂದು ಗ್ರಾಹಕರು ಸಿಟ್ಟಾದರು. ಇತ್ತ ಅಮೆರಿಕದಲ್ಲಿ, ಬದಲಿಗೆ ಕೊಟ್ಟ ಫೋನುಗಳೂ ಸುಡತೊಡಗಿದವು. ಅಕ್ಟೋಬರ್ 5ರಂದು ಲೂಯಿವಿಲ್ ನಗರದಲ್ಲಿ ಹೊರಡಲಿದ್ದ ವಿಮಾನವೊಂದರೊಳಗೆ ಇಂತಹ ಒಂದು ಫೋನ್ ಹೊಗೆಯಾಡಿ ಪ್ರಯಾಣಿಕರನ್ನೆಲ್ಲ ಇಳಿಸಬೇಕಾಯಿತು. ಅಕ್ಟೋಬರ್ 11ರಂದು ಈ ಮಾದರಿಯ ತಯಾರಿಕೆಯೇ ಕೊನೆಗೊಂಡಿತು. ಚೀನಾದ ಸುಮಾರು 1.9 ಲಕ್ಷ ಫೋನುಗಳನ್ನೂ ಅಂದೇ ವಾಪಸು ಕರೆಯಲಾಯಿತು.

2017ರ ಜನವರಿಯಲ್ಲಿ ಕಂಪೆನಿ ತನಿಖೆಯ ವಿವರ ಪ್ರಕಟಿಸಿತು. ಬ್ಯಾಟರಿ ಒದಗಿಸಿದವರು ಇಬ್ಬರು. ಮೊದಲನೆಯವರ ಬ್ಯಾಟರಿಯ ಮೂಲೆ ಒತ್ತಡಕ್ಕೆ ಬಾಗಿತ್ತು, ಎರಡನೆಯವರದರಲ್ಲಿ ಬೆಸುಗೆಯ ದೋಷವಿತ್ತು. ಅಂದರೆ, ಮೊದಲ ತಪ್ಪಿನ ಪೂರ್ಣ ಕಾರಣ ತಿಳಿಯುವ ಮೊದಲೇ ಗ್ರಾಹಕರ ಕೈಗೆ ಬದಲಿ ಫೋನ್ ಬಂದಿತ್ತು! ತಪ್ಪು ಯಾರಿಂದಲೂ ಆಗಬಹುದು. ಅವಸರದ ಸಮಾಧಾನ ತಪ್ಪನ್ನು ಇಮ್ಮಡಿಗೊಳಿಸುತ್ತದೆ.

ನಮಗೂ ಇದರಲ್ಲಿ ಪಾಠವಿದೆ. ಹೊಸ ಮಾದರಿ ಬಂದ ವಾರವೇ ಕೊಳ್ಳಬೇಕೆಂದು ಮಕ್ಕಳು ಹಟ ಹಿಡಿದರೆ, ಒಂದೆರಡು ತಿಂಗಳು ಕಾಯಲು ಹೇಳಿ. ಗಲ್ಫ್‌ನಿಂದ ಗಂಡನೋ ಅಣ್ಣನೋ ಫೋನ್ ತರುವುದಾದರೆ, ಆ ಮಾದರಿಗೆ ನಮ್ಮೂರಲ್ಲಿ ವಾರಂಟಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಲಿ. ಬಿಲ್ಲನ್ನು ಜೋಪಾನವಾಗಿಡಿ. ಫೋನ್ ವಿಪರೀತ ಬಿಸಿಯಾದರೆ, ಬ್ಯಾಟರಿ ಉಬ್ಬಿದರೆ ಬಳಸುವುದನ್ನು ನಿಲ್ಲಿಸಿ. ಚಾರ್ಜಿಗಿಟ್ಟ ಫೋನ್ ಹಾಸಿಗೆಯಿಂದ, ಅದರಲ್ಲೂ ಮಗು ಮಲಗುವ ಜಾಗದಿಂದ ದೂರವಿರಲಿ.